ಮೂಗಿಗಿಂತ ಮೂಗುತಿ ಭಾರವಾದಾಗ

*ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟ ಕೋಲಾರದ ಗಣಿಗೆ ಬೀಗ ಬಿದ್ದಾಗ ಒಳಗೆ ಚಿನ್ನ ಇನ್ನೂ ಇತ್ತು. ಖರ್ಚು ಮತ್ತು ಪ್ರಯೋಜನಗಳನ್ನು ಉದ್ಯಮವೊಂದು ಹೇಗೆ ತೂಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ದೊಡ್ಡ ಪಾಠಶಾಲೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.*

2001ರ ಫೆಬ್ರವರಿ 28. ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಕೇಂದ್ರ ಸರ್ಕಾರದ ಒಡೆತನದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ತನ್ನ ಗಣಿಗಳಿಗೆ ಬೀಗ ಹಾಕಿತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಅದಕ್ಕಾಗಿ ನೆಲದೊಳಗಿಂದ ಮೇಲೆತ್ತಿದ ಅದಿರು ಸುಮಾರು ಐದು ಕೋಟಿ ಟನ್. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದ ಗಣಿಯಲ್ಲಿ ಕೊನೆಯ ದಿನ ಉಳಿದಿದ್ದವರು ಮೂರೂವರೆ ಸಾವಿರದಷ್ಟು ಮಂದಿ.

ಗಣಿ ಮುಚ್ಚಿತು ಎಂದರೆ ಒಳಗೆ ಚಿನ್ನ ಖಾಲಿಯಾಗಿರಬೇಕು ಎಂದು ಯಾರಾದರೂ ಭಾವಿಸುವುದು ಸಹಜ. ಆದರೆ ಆ ದಿನವೂ ನೆಲದೊಳಗಿನ ಬಂಡೆಯಲ್ಲಿ ಚಿನ್ನವಿತ್ತು, ಇಂದಿಗೂ ಇದೆ. ಖಾಲಿಯಾಗಿದ್ದು ಚಿನ್ನದ ಬೆಲೆಗೂ ಅದನ್ನು ಮೇಲೆ ತರುವ ಖರ್ಚಿಗೂ ನಡುವೆ ಇದ್ದ ಅಂತರ. ಆ ಅಂತರಕ್ಕೇ ವ್ಯಾಪಾರದ ಭಾಷೆಯಲ್ಲಿ ಲಾಭ ಎನ್ನುತ್ತಾರೆ. ಕೈಯಲ್ಲಿರುವ ಸರಕು ಚಿನ್ನವೇ ಆಗಿದ್ದರೂ ಅಂತರ ಇಲ್ಲದಿದ್ದರೆ ಲಾಭವಿಲ್ಲ. ಸರಕು ಮಣ್ಣೇ ಆಗಿದ್ದರೂ ಅಂತರ ಇದ್ದರೆ ಲಾಭವುಂಟು. ಇಟ್ಟಿಗೆ ಗೂಡಿನವರು ಬದುಕುತ್ತಿರುವುದೇ ಹಾಗೆ.

ಒಂದು ಟನ್ ಬಂಡೆಯ ಲೆಕ್ಕ

ಪೆನ್ಸಿಲ್ ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ಟನ್ ಎಂದರೆ ಸಾವಿರ ಕಿಲೊ, ಅಂದರೆ ಹತ್ತು ಲಕ್ಷ ಗ್ರಾಂ. ಕೋಲಾರದ ಗಣಿಯ ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ ಸುಮಾರು 47 ಗ್ರಾಂ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಅದು 3 ಗ್ರಾಮಿನ ಆಸುಪಾಸಿಗೆ ಇಳಿದಿತ್ತು.

2001ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನಮ್ಮ ದೇಶದಲ್ಲಿ ಸುಮಾರು 4,300 ರೂಪಾಯಿ, ಅಂದರೆ ಗ್ರಾಮಿಗೆ 430. ಅಂದು ಆರಂಭದ ಕಾಲದ ಅದಿರು ಸಿಕ್ಕಿದ್ದರೆ ಒಂದು ಟನ್ ಬಂಡೆಯಿಂದ 20,210 ರೂಪಾಯಿ ಬರುತ್ತಿತ್ತು. ನಿಜವಾಗಿ ಸಿಗುತ್ತಿದ್ದ ಅದಿರಿನಿಂದ ಬರುತ್ತಿದ್ದುದು 1,290 ರೂಪಾಯಿ ಮಾತ್ರ.

ಬಂಡೆಗೆ ಮಾತ್ರ ಈ ವ್ಯತ್ಯಾಸ ಗೊತ್ತಿಲ್ಲ! ಒಂದು ಟನ್ ಬಂಡೆಯನ್ನು ಸಿಡಿಸಲು, ತುಂಬಲು, ಮೇಲೆತ್ತಲು, ಪುಡಿ ಮಾಡಲು ಬೇಕಾಗುವ ಶ್ರಮ ಅದರೊಳಗೆ 47 ಗ್ರಾಂ ಇದ್ದರೂ ಒಂದೇ, 3 ಗ್ರಾಂ ಇದ್ದರೂ ಒಂದೇ. ಆದಾಯ ಗ್ರಾಮಿನ ಲೆಕ್ಕದಲ್ಲಿ ಬರುತ್ತದೆ, ಖರ್ಚು ಟನ್ನಿನ ಲೆಕ್ಕದಲ್ಲಿ ಹೋಗುತ್ತದೆ. ಗಣಿ ಉದ್ಯಮದ ಸುಖದುಃಖವೆಲ್ಲ ಈ ಒಂದು ವಾಕ್ಯದಲ್ಲಿದೆ.

ಕೈಬಿಡಬೇಕೆ, ಮುಂದುವರಿಸಬೇಕೆ?

ಕೋಲಾರದ ಚಿನ್ನದ ಕಥೆ ಲಾಭದಿಂದ ಶುರುವಾಗಿದ್ದಲ್ಲ. ಈ ಭಾಗದಲ್ಲಿ ಪ್ರಾಚೀನರು ಚಿನ್ನ ಅಗೆದಿದ್ದ ಗುರುತುಗಳಿದ್ದವು. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ಭೂಮಾಪನಕ್ಕೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಮಾರಿಕುಪ್ಪಂ ಸುತ್ತಮುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಎಷ್ಟೋ ವರ್ಷಗಳ ಬಳಿಕ ಅದನ್ನು ಓದಿದವನು ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವನ ಹೆಸರಿನದೇ. 1875ರಲ್ಲಿ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. ಆದರೆ ಗಣಿಗೆ ಬೇಕಾದ ಬಂಡವಾಳ ಒಬ್ಬನ ಜೇಬಿನದಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕು ಕೈಬದಲಾಯಿತು. 1880ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಅನುಭವಿ ಸಂಸ್ಥೆ ಕಣಕ್ಕಿಳಿಯಿತು.

ಅವರಿಗೂ ಅದೃಷ್ಟ ಕೂಡಲೇ ಒಲಿಯಲಿಲ್ಲ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಷೇರುದಾರರಿಂದ ಎತ್ತಿದ ಹಣ ಎರಡು ಮೂರು ವರ್ಷಗಳಲ್ಲಿ ಬಹುಪಾಲು ಕರಗಿತು. ಹೇಳಿಕೊಳ್ಳುವಂಥ ಚಿನ್ನ ಬರಲಿಲ್ಲ. ಷೇರಿನ ಬೆಲೆ ಪಾತಾಳಕ್ಕಿಳಿಯಿತು. ಉಳಿದ ಅಷ್ಟಿಷ್ಟು ಹಣವನ್ನು ಹಂಚಿಕೊಂಡು ಮನೆಗೆ ಹೋಗುವುದೋ ಅಥವಾ ಅದನ್ನೂ ನೆಲಕ್ಕೆ ಸುರಿಯುವುದೋ ಎಂಬ ಪ್ರಶ್ನೆ ಎದುರಾಯಿತು. ಮುಂದುವರಿಸೋಣ ಎಂಬುದು ಟೇಲರ್ ಅವರ ಸಲಹೆ. 1883ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ತಜ್ಞನನ್ನು ಕಳಿಸಿದರು. ಪ್ರಾಚೀನರು ಅಗೆದು ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಅವನು ಇನ್ನೂ ಕೆಳಗೆ ಹೋದ. ಸಿಕ್ಕಿದ್ದು ‘ಚಾಂಪಿಯನ್ ರೀಫ್’ ಎಂಬ ಚಿನ್ನದ ಪದರ. ಮುಂದಿನ ಶತಮಾನದ ಗಣಿಗಾರಿಕೆಗೆ ಅದೇ ಬುನಾದಿಯಾಯಿತು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಇಷ್ಟು ಹಣ ಸುರಿದಾಗಿದೆ, ಈಗ ಬಿಟ್ಟರೆ ಎಲ್ಲ ಹಾಳು’ ಎಂದು ಮುಂದುವರಿಸುವುದು ಬೇರೆ. ‘ಹೋದದ್ದು ಹೋಯಿತು, ಇನ್ನು ಹಾಕುವ ಹಣಕ್ಕೆ ಪ್ರತಿಫಲ ಸಿಗುವ ಸಾಧ್ಯತೆ ಎಷ್ಟು’ ಎಂದು ಕೇಳಿ ಮುಂದುವರಿಸುವುದು ಬೇರೆ. ಮೊದಲನೆಯದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ದಾರಿ. ಎರಡನೆಯದು ವ್ಯವಹಾರ. ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣವನ್ನು ಅರ್ಥಶಾಸ್ತ್ರಜ್ಞರು ‘ಮುಳುಗಿದ ವೆಚ್ಚ’ ಎನ್ನುತ್ತಾರೆ. ಮುಂದಿನ ಹೆಜ್ಜೆಯ ಲೆಕ್ಕದಲ್ಲಿ ಅದನ್ನು ಸೇರಿಸಬಾರದು ಎಂಬುದು ನಿಯಮ.

ನಿಯಮ ಹೇಳಲು ಸುಲಭ, ಪಾಲಿಸಲು ಕಷ್ಟ. ಮನೆಗಳಲ್ಲೂ ಇದನ್ನು ಕಾಣಬಹುದು. ಮಗ ಸೇರಿದ ಕೋರ್ಸು ಅವನಿಗೆ ಒಗ್ಗುತ್ತಿಲ್ಲ ಎಂದು ಮೊದಲ ವರ್ಷವೇ ಗೊತ್ತಾಗಿರುತ್ತದೆ. ‘ಇಷ್ಟು ಫೀಸು ಕಟ್ಟಿದ್ದೇವಲ್ಲ’ ಎಂಬ ಒಂದೇ ಕಾರಣಕ್ಕೆ ಇನ್ನೂ ಮೂರು ವರ್ಷದ ಫೀಸು ಕಟ್ಟುವ ತಂದೆ ತಾಯಿ ಎಷ್ಟಿಲ್ಲ? ಕಟ್ಟಿದ ಫೀಸು ಮುಂದುವರಿದರೂ ಮರಳುವುದಿಲ್ಲ, ಬಿಟ್ಟರೂ ಮರಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಉಳಿದ ಮೂರು ವರ್ಷದ್ದು.

ಖರ್ಚು ಮಾಡಿ ಖರ್ಚು ತಗ್ಗಿಸಿದ ಕತೆ

ಚಿನ್ನ ಸಿಕ್ಕಿತು. ಆದರೆ ಗಣಿ ಆಳವಾದಂತೆ ನೀರೆತ್ತುವ ಪಂಪು, ಅದಿರು ಎತ್ತುವ ಯಂತ್ರ, ಬಂಡೆ ಕುಟ್ಟುವ ಗಿರಣಿ ಎಲ್ಲಕ್ಕೂ ಶಕ್ತಿ ಬೇಕು. ಆಗ ಎಲ್ಲವೂ ಹಬೆ ಯಂತ್ರಗಳು. ಬಾಯ್ಲರುಗಳಿಗೆ ಸೌದೆ, ಕಲ್ಲಿದ್ದಲು ಸುರಿಯಬೇಕು. ಸುತ್ತಲಿನ ಕಾಡು ಕರಗುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಇಂಧನದ ಬಾಬ್ತು ಖರ್ಚು ಗಣಿಯ ಕುತ್ತಿಗೆ ಹಿಡಿಯತೊಡಗಿತು.

ಪರಿಹಾರ ಸಿಕ್ಕಿದ್ದು ಕಾವೇರಿಯಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರದ ಯೋಜನೆ ಕೈಗೆತ್ತಿಕೊಂಡಿತು. ಅಲ್ಲಿಂದ ಕೋಲಾರದ ಗಣಿಗೆ ಸುಮಾರು 147 ಕಿಲೊಮೀಟರ್. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಲೋಕವೇ ಬೆರಗಾಗಿ ನೋಡುವ ಸಾಹಸ. 1902ರ ಜೂನ್ ಕೊನೆಯಲ್ಲಿ ಕೋಲಾರಕ್ಕೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ.

ಈ ವ್ಯವಹಾರದಲ್ಲಿ ಎರಡು ಪಕ್ಷಗಳಿದ್ದವು, ಎರಡೂ ತಮ್ಮ ತಮ್ಮ ಲೆಕ್ಕ ಮಾಡಿದ್ದವು. ಗಣಿಯವರ ಲೆಕ್ಕ ಹೀಗೆ: ವಿದ್ಯುತ್ತಿಗೆ ಹೊಂದುವ ಹೊಸ ಯಂತ್ರಗಳಿಗೆ ಮೊದಲಿಗೇ ದೊಡ್ಡ ಹಣ ಹೋಗುತ್ತದೆ, ಆದರೆ ಪ್ರತಿ ಟನ್ ಬಂಡೆಯ ಮೇಲೆ ಮುಂದೆ ವರ್ಷಗಟ್ಟಲೆ ಉಳಿತಾಯವಾಗುತ್ತದೆ. ಸರ್ಕಾರದ ಲೆಕ್ಕ ಹೀಗೆ: ಕೇಂದ್ರ ಕಟ್ಟಲು ಭಾರಿ ಹಣ ಬೇಕು, ಆದರೆ ಖಚಿತವಾಗಿ ಕೊಳ್ಳುವ ದೊಡ್ಡ ಗಿರಾಕಿ ಒಬ್ಬನಿದ್ದಾನೆ. ಆ ಗಿರಾಕಿ ದೀರ್ಘಾವಧಿ ಕರಾರಿಗೆ ಸಹಿ ಹಾಕಿದ ಮೇಲೆ ಅಪಾಯ ಕಡಿಮೆ. ಜೊತೆಗೆ ಗಣಿ ಬೆಳೆದಷ್ಟೂ ಚಿನ್ನದ ಮೇಲಿನ ರಾಜಧನವೂ ಬೆಳೆಯುತ್ತದೆ. ಇಬ್ಬರಿಗೂ ಲಾಭವಾಯಿತು. ಗಣಿಗಾಗಿ ಬಂದ ವಿದ್ಯುತ್ತು ಆಮೇಲೆ ನಾಡಿನ ಊರುಗಳಿಗೂ ಕಾರ್ಖಾನೆಗಳಿಗೂ ದಕ್ಕಿತು.

‘ಖರ್ಚು ಕಡಿಮೆ ಮಾಡು’ ಎಂದರೆ ಕೈ ಬಿಗಿ ಹಿಡಿಯುವುದು ಎಂದೇ ಹಲವರ ತಿಳಿವಳಿಕೆ. ಜಾಣ ಉದ್ಯಮಿ ಕೆಲವೊಮ್ಮೆ ಖರ್ಚು ತಗ್ಗಿಸಲೆಂದೇ ಖರ್ಚು ಮಾಡುತ್ತಾನೆ. ಎರಡರಲ್ಲಿ ಯಾವುದು ಸರಿ ಎಂಬುದನ್ನು ಹೇಳುವುದು ವರ್ಷಗಳ ಲೆಕ್ಕ. ಹಾಕಿದ ಹಣ ಎಷ್ಟು ವರ್ಷಕ್ಕೆ ಉಳಿತಾಯದ ರೂಪದಲ್ಲಿ ಮರಳುತ್ತದೆ? ಅಷ್ಟು ವರ್ಷ ಉದ್ಯಮ ನಡೆದೀತೇ? ಹತ್ತು ವರ್ಷ ಬಾಳುವ ಗಣಿಗೆ ಇಪ್ಪತ್ತು ವರ್ಷಕ್ಕೆ ಹಣ ಮರಳುವ ಯಂತ್ರ ಎಷ್ಟೇ ಒಳ್ಳೆಯದಾದರೂ ದುಂದು.

ಕಸವೇ ರಸವಾದದ್ದು

ಇನ್ನೊಂದು ಉಳಿತಾಯ ರಸಾಯನಶಾಸ್ತ್ರದಿಂದ ಬಂತು. ಅದಿರನ್ನು ಕುಟ್ಟಿ ಪುಡಿ ಮಾಡಿ, ಪಾದರಸಕ್ಕೆ ಅಂಟಿಸಿ ಚಿನ್ನ ತೆಗೆಯುವುದು ಹಳೆಯ ವಿಧಾನ. ಅದರಲ್ಲಿ ಒಂದಷ್ಟು ಚಿನ್ನ ಪುಡಿಯಲ್ಲೇ ಉಳಿದು ಕಸದ ಜೊತೆ ಹೋಗುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ದೊರೆಯಿತು. ಮುಂದಿನ ದಶಕದಲ್ಲಿ ಅದು ಕೋಲಾರಕ್ಕೂ ಬಂತು. ಅದುವರೆಗೆ ಕಸವೆಂದು ಸುರಿದಿದ್ದ ಪುಡಿಯೇ ಹೊಸ ಅದಿರಾಯಿತು!

ಯಾವುದು ಕಸ, ಯಾವುದು ಸರಕು ಎಂಬುದನ್ನು ವಸ್ತು ತಾನಾಗಿ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಆ ಹೊತ್ತಿನ ಬೆಲೆ ಮತ್ತು ಆ ಹೊತ್ತಿನ ತಂತ್ರ. ಈ ಮಾತು ಕೋಲಾರದ ಮಟ್ಟಿಗೆ ನೂರಿಪ್ಪತ್ತು ವರ್ಷಗಳ ಮೇಲೆ ಇನ್ನೊಮ್ಮೆ ಬರಲಿದೆ.

ಮೂರು ಕಿಲೊಮೀಟರ್ ಕೆಳಗೆ

ಗಣಿ ಎಂಬುದು ವಿಚಿತ್ರ ಅಂಗಡಿ. ಇಲ್ಲಿ ಹತ್ತಿರದ ಕಪಾಟಿನ ಸರಕು ಮೊದಲು ಖಾಲಿಯಾಗುತ್ತದೆ. ಆಮೇಲೆ ಪ್ರತಿ ದಿನ ಇನ್ನಷ್ಟು ದೂರ ನಡೆದು ಹೋಗಿ ತರಬೇಕು. ಚಾಂಪಿಯನ್ ರೀಫ್ ಗಣಿ ಇಳಿಯುತ್ತ ಇಳಿಯುತ್ತ ಸುಮಾರು 3.2 ಕಿಲೊಮೀಟರ್ ಆಳಕ್ಕೆ ಹೋಯಿತು. ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರು ಸೇರಿತು.

ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಕೆಲಸಗಾರರು ಉಸಿರಾಡಲು ಮೇಲಿಂದ ತಂಪು ಗಾಳಿ ತಳ್ಳಬೇಕು. ಒಸರುವ ನೀರನ್ನು ಹಗಲಿರುಳೂ ಮೇಲೆತ್ತುತ್ತಿರಬೇಕು. ಕೆಲಸಗಾರರು ಶಾಫ್ಟಿನಲ್ಲಿ ಹಂತ ಹಂತವಾಗಿ ಇಳಿದು ತಮ್ಮ ಜಾಗ ತಲುಪುವುದರಲ್ಲಿಯೇ ಪಾಳಿಯ ಒಂದಷ್ಟು ಹೊತ್ತು ಕಳೆಯುತ್ತದೆ. ಮೇಲಿನ ಬಂಡೆಯ ಭಾರಕ್ಕೆ ಸುರಂಗದ ಗೋಡೆಗಳು ಫಿರಂಗಿ ಹಾರಿದಂತೆ ಸಿಡಿಯುವುದೂ ಉಂಟು. ಕೋಲಾರದಲ್ಲಿ ಇದಕ್ಕೆ ‘ಏರ್ ಬ್ಲಾಸ್ಟ್’ ಎಂದೇ ಹೆಸರು. ಅದರಿಂದ ಸತ್ತವರು ಹಲವರು. ಸಿಡಿತ ತಡೆಯಲು ಅಗೆದ ಜಾಗವನ್ನು ಮತ್ತೆ ಕಲ್ಲು, ಕಾಂಕ್ರೀಟು ತುಂಬಿ ಭದ್ರಪಡಿಸಬೇಕು. ಅದಕ್ಕೂ ಹಣ.

ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ ಬಂತು, ಟನ್ನಿನ ಖರ್ಚು ಏರುತ್ತ ಹೋಯಿತು. ಒಂದು ಗೆರೆ ಕೆಳಗಿಳಿಯುತ್ತಿದೆ, ಇನ್ನೊಂದು ಮೇಲೇರುತ್ತಿದೆ. ಎರಡೂ ಸಂಧಿಸುವ ದಿನ ಬಂದೇ ಬರುತ್ತದೆ.

ಬೆಲೆ ಯಾರ ಕೈಯಲ್ಲಿ?

ಸಾಬೂನು ಮಾರುವ ಕಂಪನಿ ಖರ್ಚು ಹೆಚ್ಚಾದರೆ ಬೆಲೆಯನ್ನು ಒಂದು ರೂಪಾಯಿ ಏರಿಸಿ ನೋಡಬಹುದು. ಚಿನ್ನದ ಗಣಿಗೆ ಆ ಸೌಲಭ್ಯವಿಲ್ಲ. ಕೋಲಾರದ ಚಿನ್ನಕ್ಕೂ ದಕ್ಷಿಣ ಆಫ್ರಿಕಾದ ಚಿನ್ನಕ್ಕೂ ಅಕ್ಕಸಾಲಿಗ ವ್ಯತ್ಯಾಸ ಕಾಣಲಾರ. ಜಗತ್ತು ಹೇಳಿದ್ದೇ ಬೆಲೆ. ಭತ್ತ, ರಾಗಿ, ರೇಷ್ಮೆಗೂಡು ಬೆಳೆಯುವ ಕೋಲಾರದ ರೈತನಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಬೆಲೆ ತನ್ನ ಕೈಯಲ್ಲಿ ಇಲ್ಲದವನಿಗೆ ಹತೋಟಿ ಇರುವುದು ಖರ್ಚಿನ ಮೇಲೆ ಮಾತ್ರ.

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಕೇಂದ್ರದ ಕೈಗೆ ಹೋದ ಆರಂಭದ ವರ್ಷಗಳಲ್ಲಿ ಇಲ್ಲಿಯ ಚಿನ್ನ ಸರ್ಕಾರದ ಖಜಾನೆಗೆ ಹೋಗುತ್ತಿದ್ದುದು ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ. 1971ರವರೆಗೆ ಆ ದರ ಒಂದು ಔನ್ಸಿಗೆ 35 ಡಾಲರ್. ದೇಶದೊಳಗಿನ ಪೇಟೆಯ ಬೆಲೆ ಅದಕ್ಕಿಂತ ಬಹಳ ಹೆಚ್ಚಿತ್ತು. ಹೀಗಾಗಿ ಗಣಿಯ ಪುಸ್ತಕದಲ್ಲಿ ಕಾಣುತ್ತಿದ್ದ ನಷ್ಟದಲ್ಲಿ ಒಂದು ಪಾಲು ಬಂಡೆಯದ್ದಾದರೆ ಇನ್ನೊಂದು ಪಾಲು ಕಾಗದದ್ದು.

‘ನಷ್ಟದಲ್ಲಿದೆ’ ಎಂಬ ಮಾತು ಕೇಳಿದಾಗ ‘ಯಾವ ಬೆಲೆ ಹಿಡಿದು’ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬೇಕು. ಒಂದೇ ಉದ್ಯಮವನ್ನು ಬೇರೆ ಬೇರೆ ದರದಲ್ಲಿ ಅಳೆದರೆ ಒಮ್ಮೆ ಲಾಭ, ಒಮ್ಮೆ ನಷ್ಟ ಕಾಣುವುದುಂಟು.

ಮಧ್ಯಾಹ್ನದ ಹೋಟೆಲಿನ ಪಾಠ

ನಷ್ಟ ಬಂದ ಕೂಡಲೇ ಮುಚ್ಚಬೇಕೆ? ಬೇಕಿಲ್ಲ. ಯಾಕೆಂದು ತಿಳಿಯಲು ಒಂದು ಹೋಟೆಲಿನ ಉದಾಹರಣೆ ಸಾಕು.

ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿಗಳು ಕಡಿಮೆ ಎಂದಿಟ್ಟುಕೊಳ್ಳಿ. ಆ ಎರಡು ಗಂಟೆಯಲ್ಲಿ ಕಾಫಿ, ವಡೆ ಮಾರಾಟದಿಂದ 1,200 ರೂಪಾಯಿ ಬರುತ್ತದೆ. ಹಾಲು, ಎಣ್ಣೆ, ಗ್ಯಾಸು, ಆ ಹೊತ್ತಿನ ಕೂಲಿ ಸೇರಿ 800 ರೂಪಾಯಿ ಖರ್ಚು. ತಿಂಗಳ ಬಾಡಿಗೆಯಲ್ಲಿ ಎರಡು ಗಂಟೆಯ ಪಾಲು 600 ರೂಪಾಯಿ. ಒಟ್ಟು ಖರ್ಚು 1,400, ಆದಾಯ 1,200. ಇನ್ನೂರು ರೂಪಾಯಿ ನಷ್ಟ. ಮುಚ್ಚುವುದೇ ಮೇಲು ಎನಿಸುತ್ತದೆ, ಅಲ್ಲವೆ?

ಆದರೆ ಬಾಗಿಲು ಹಾಕಿದರೂ ಕಟ್ಟಡದ ಮಾಲೀಕ ಬಾಡಿಗೆ ಬಿಡುವುದಿಲ್ಲ. ಮುಚ್ಚಿದರೆ ನಷ್ಟ 600, ತೆರೆದರೆ 200. ತೆರೆದಿರುವುದೇ ಜಾಣತನ. ಬಾಡಿಗೆಯಂಥದ್ದು ಸ್ಥಿರ ವೆಚ್ಚ. ಹಾಲು, ಎಣ್ಣೆಯಂಥದ್ದು ಬದಲಾಗುವ ವೆಚ್ಚ. ಬದಲಾಗುವ ವೆಚ್ಚ ಕೈಗೆ ಬಂದು ಮೇಲೊಂದಿಷ್ಟು ಮಿಗುವವರೆಗೆ ಬಾಗಿಲು ತೆರೆದಿರಬಹುದು. ಹಾಲು, ಎಣ್ಣೆ, ಕೂಲಿಯೇ 1,300 ಆದ ದಿನ, ಬಾಗಿಲು ತೆರೆದ ಪ್ರತಿ ಗಂಟೆಯೂ ಜೇಬಿನಿಂದ ಹಣ ಕೊಟ್ಟು ಗಿರಾಕಿಗೆ ಕಾಫಿ ಕುಡಿಸಿದಂತೆ. ಆ ದಿನ ಮುಚ್ಚಬೇಕು.

ಗಣಿಯಲ್ಲಿ ಈ ಪಾಠಕ್ಕೆ ಒಂದು ತಿರುವು ಇದೆ. ಪಂಪು ಮತ್ತು ಗಾಳಿಯ ಖರ್ಚು ದಿನಕ್ಕೆ ಹತ್ತು ಟನ್ ಎತ್ತಿದರೂ ಅಷ್ಟೇ, ಸಾವಿರ ಟನ್ ಎತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅದಿರು ಕಡಿಮೆಯಾದಷ್ಟೂ ಪ್ರತಿ ಟನ್ನಿನ ತಲೆಯ ಮೇಲೆ ಕೂರುವ ಪಾಲು ದೊಡ್ಡದು. ಹೋಟೆಲನ್ನು ಇಂದು ಮುಚ್ಚಿ ನಾಳೆ ತೆರೆಯಬಹುದು. ಗಣಿಯಲ್ಲಿ ಪಂಪು ನಿಲ್ಲಿಸಿದರೆ ನೀರು ಏರಿ ಸುರಂಗಗಳು ಮುಳುಗುತ್ತವೆ. ಮತ್ತೆ ತೆರೆಯುವುದು ಎಂದರೆ ಹೊಸ ಗಣಿಯಷ್ಟೇ ದುಬಾರಿ. ಆದ್ದರಿಂದ ನಷ್ಟದಲ್ಲೂ ಒಂದಷ್ಟು ಕಾಲ ಗಣಿ ನಡೆಸುವುದಕ್ಕೆ ಅರ್ಥವಿದೆ. ಮುಂದೆ ಬೆಲೆ ಏರಬಹುದು ಎಂಬ ಭರವಸೆಗೆ ಕಟ್ಟುವ ಬಾಡಿಗೆ ಅದು.

ಆ ಭರವಸೆ ಫಲಿಸಲಿಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ, 20ನೇ ಶತಮಾನ ಮುಗಿಯುವ ಹೊತ್ತಿಗೆ 250ರಿಂದ 300 ಡಾಲರಿನ ನಡುವೆ ಹೊಯ್ದಾಡುತ್ತಿತ್ತು. 1992ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. ಪುನಶ್ಚೇತನದ ಮಾತುಕತೆ ವರ್ಷಗಟ್ಟಲೆ ನಡೆಯಿತು. ಕಾರ್ಮಿಕ ಸಂಘಗಳು ಗಣಿ ಉಳಿಸಲು ಹೋರಾಡಿದವು. ಕೊನೆಗೆ ಕೇಂದ್ರ ಸರ್ಕಾರ ಮುಚ್ಚುವ ನಿರ್ಧಾರ ತೆಗೆದುಕೊಂಡಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ಚಿನ್ನದ ಗಣಿಗಿಂತ ಒಪ್ಪುವ ಉದಾಹರಣೆ ಇನ್ನೇನಿದೆ!

ಹಟ್ಟಿ ಉಳಿದದ್ದು ಹೇಗೆ?

ಹಾಗಾದರೆ ಕರ್ನಾಟಕದಲ್ಲಿ ಚಿನ್ನ ತೆಗೆಯುವುದೇ ನಷ್ಟದ ಬಾಬ್ತೆ? ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಇದಕ್ಕೆ ಉತ್ತರ. ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿ ಕೋಲಾರ ಮುಚ್ಚಿದ ಮೇಲೂ ನಡೆಯುತ್ತ ಬಂದಿದೆ, ಲಾಭವನ್ನೂ ಕಂಡಿದೆ. ಹಟ್ಟಿಯ ಅದಿರು ಕೋಲಾರದ ಆರಂಭದ ಅದಿರಿನಂತೆ ಶ್ರೀಮಂತವೇನಲ್ಲ. ಅಲ್ಲಿಯೂ ಟನ್ನಿಗೆ ಕೆಲವೇ ಗ್ರಾಂ. ಆದರೆ ಗಣಿಯ ಆಳ ಕೋಲಾರದ ಮೂರನೆಯ ಒಂದು ಪಾಲಿನ ಆಸುಪಾಸು. ಅಲ್ಲಿ ಬಂಡೆ ಅಷ್ಟು ಬಿಸಿಯಲ್ಲ. ಎತ್ತುವ ದೂರವೂ ಅಷ್ಟಿಲ್ಲ. ಬಡ ಅದಿರಾದರೂ ಖರ್ಚು ಕಡಿಮೆಯಿದ್ದರೆ ಅಂತರ ಉಳಿಯುತ್ತದೆ.

ಹತ್ತಿರದ ಎರಡು ಅಂಗಡಿಗಳಲ್ಲಿ ದೊಡ್ಡ ಹೆಸರಿನದು ಮುಚ್ಚಿ, ಸಾಧಾರಣವಾದದ್ದು ನಡೆದುಕೊಂಡು ಹೋಗುವ ಗುಟ್ಟೂ ಹಲವು ಸಲ ಇದೇ ಆಗಿರುತ್ತದೆ.

ಪುಸ್ತಕದಲ್ಲಿ ಬರೆಯದ ಲೆಕ್ಕ

ಕಂಪನಿಯ ಲೆಕ್ಕಪುಸ್ತಕಕ್ಕೆ ಅಂಚುಗಳಿವೆ. ಅಂಚಿನಾಚೆ ನಡೆಯುವುದು ಅದರಲ್ಲಿ ದಾಖಲಾಗುವುದಿಲ್ಲ.

ಬಂಡೆಯ ದೂಳು ಕುಡಿದು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದ ಗಣಿ ಕಾರ್ಮಿಕರ ಮನೆಯ ಔಷಧಿ ಖರ್ಚು ಟನ್ನಿನ ಲೆಕ್ಕದಲ್ಲಿ ಪೂರ್ತಿ ಎಂದೂ ಸೇರಲಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಊರ ನಡುವೆ ಗುಡ್ಡಗಳಾಗಿ ನಿಂತಿದೆ. ಜನ ಅದನ್ನು ಸಯನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದಾಗ ಅದರ ದೂಳು ಮನೆ, ಶಾಲೆಗಳ ಮೇಲೆ ಕೂರುತ್ತದೆ. ಆ ದೂಳಿನ ಬೆಲೆಯನ್ನು ಕೊಟ್ಟವರು ಷೇರುದಾರರಲ್ಲ, ಊರಿನವರು.

ಪ್ರಯೋಜನದ ಕಡೆಯೂ ದಾಖಲಾಗದ ಬಾಬ್ತುಗಳಿವೆ. ಗಣಿಯಿಂದಾಗಿ ಆ ಬರಡು ನೆಲಕ್ಕೆ ರೈಲು, ಆಸ್ಪತ್ರೆ, ಶಾಲೆ ಬಂದವು. ಬೇತಮಂಗಲದಿಂದ ನೀರು ಹರಿಯಿತು. ಯಂತ್ರಗಳ ಕೆಲಸ ಬಲ್ಲ ಜನರಿದ್ದ ಊರಿನಲ್ಲಿ 1960ರ ದಶಕದಲ್ಲಿ ಬಿ.ಇ.ಎಂ.ಎಲ್. ಕಾರ್ಖಾನೆ ತಲೆಯೆತ್ತಿತು. ಗಣಿಯ ಆಳವನ್ನು ವಿಜ್ಞಾನಿಗಳೂ ಬಳಸಿಕೊಂಡರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳೊಂದಿಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತನ್ನು ಈ ಗಣಿಯ ಒಳಗೆ ಪತ್ತೆ ಮಾಡಿದರು. ಈ ಯಾವುದೂ ಚಿನ್ನದ ಗ್ರಾಮಿನಲ್ಲಿ ತೂಗುವಂಥದ್ದಲ್ಲ.

ಗಣಿ ಮುಚ್ಚಿದಾಗ ಸರ್ಕಾರದ ಖಜಾನೆಗೆ ಉಳಿತಾಯವಾಯಿತು. ಆ ಉಳಿತಾಯದ ಇನ್ನೊಂದು ಮುಖ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲುಗಳಲ್ಲಿ ಕಾಣುತ್ತದೆ. ತಾತ, ಅಪ್ಪ ಗಣಿಯಲ್ಲಿ ದುಡಿದ ಮನೆಗಳ ಸಾವಿರಾರು ಮಕ್ಕಳು ನಸುಕಿನಲ್ಲಿ ಎದ್ದು ರಾಜಧಾನಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮನೆ ಸೇರುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆಯ ಅವರ ಪ್ರಯಾಣ ಯಾವ ಪುಸ್ತಕದ ಖರ್ಚು?

ಹಾಗೆಂದು ಕಂಪನಿಯ ಲೆಕ್ಕ ಸುಳ್ಳೇನಲ್ಲ. ನಷ್ಟದ ಉದ್ಯಮವನ್ನು ಸದಾ ನಡೆಸುವ ಹಣವೂ ಯಾರದೋ ತೆರಿಗೆಯೇ. ಆ ಹಣಕ್ಕೆ ಬೇರೆ ಉಪಯೋಗ ಇರುತ್ತದೆ. ಒಂದು ಕಡೆ ಹಾಕಿದ ರೂಪಾಯಿ ಇನ್ನೊಂದು ಕಡೆ ಏನು ಮಾಡಬಹುದಿತ್ತು ಎಂಬುದನ್ನು ‘ಅವಕಾಶ ವೆಚ್ಚ’ ಎನ್ನುತ್ತಾರೆ. ಆದರೆ ಕಂಪನಿಯ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ಮೊದಲನೆಯದನ್ನು ಮಾಡಲು ಲೆಕ್ಕಿಗರಿದ್ದಾರೆ. ಎರಡನೆಯದನ್ನು ಯಾರಾದರೂ ಕುಳಿತು ಮಾಡಿದ್ದರೆ, ಗಣಿ ಮುಚ್ಚುವ ಮೊದಲೇ ಆ ಊರಿಗೆ ಇನ್ನೊಂದು ಅನ್ನದ ದಾರಿ ಸಿದ್ಧವಾಗಿರುತ್ತಿತ್ತು.

ಅಂದು ಮುಚ್ಚಿದ್ದು ತಪ್ಪೇ?

2001ರ ನಂತರ ಚಿನ್ನದ ಬೆಲೆ ಹಿಡಿದ ದಾರಿ ಎಲ್ಲರಿಗೂ ಗೊತ್ತು. 2011ರಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿತು. 2025ರಲ್ಲಿ ಭಾರತದಲ್ಲಿ ಹತ್ತು ಗ್ರಾಮಿನ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಆ ಬೆಲೆಯಲ್ಲಿ 3 ಗ್ರಾಂ ಚಿನ್ನವಿರುವ ಒಂದು ಟನ್ ಬಂಡೆಗೆ 30,000 ರೂಪಾಯಿ! 1,290ರ ಲೆಕ್ಕ ಎಲ್ಲಿ, ಇದೆಲ್ಲಿ?

ಇದನ್ನು ಕಂಡು ‘ಅಂದು ದುಡುಕಿದರು’ ಎನ್ನುವುದು ಸುಲಭ. ಆದರೆ ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಕೂಲಿ, ವಿದ್ಯುತ್, ಉಕ್ಕು ಎಲ್ಲವೂ ಏರಿವೆ. ಅಷ್ಟು ವರ್ಷದ ನಷ್ಟವನ್ನೂ ಯಾರಾದರೂ ತುಂಬಬೇಕಿತ್ತು. ಮುಖ್ಯವಾಗಿ, ನಿರ್ಧಾರ ತೆಗೆದುಕೊಂಡವರ ಮುಂದಿದ್ದುದು ಇಪ್ಪತ್ತು ವರ್ಷ ಜಾರಿದ ಬೆಲೆ. ನಿರ್ಧಾರವನ್ನು ಅಳೆಯಬೇಕಾದದ್ದು ಅಂದು ಏನು ತಿಳಿದಿತ್ತು, ಅದನ್ನು ಎಷ್ಟು ಪ್ರಾಮಾಣಿಕವಾಗಿ ತೂಗಿದರು ಎಂಬುದರಿಂದ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಕ್ಕಳ ಆಯ್ಕೆಯನ್ನು ಹಳಿಯುವ ಪೋಷಕರಿಗೂ ಈ ಮಾತು ಅನ್ವಯಿಸುತ್ತದೆ.

ಈಗ ಲೆಕ್ಕದ ಹೊಸ ಹಾಳೆ ತೆರೆದಿದೆ. ಊರಿನ ಸಯನೈಡ್ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಅದರಲ್ಲಿ ಅಲ್ಪಸ್ವಲ್ಪ ಚಿನ್ನ ಉಳಿದಿದೆ, ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಟನ್ನಿಗೆ ಅರ್ಧ ಗ್ರಾಂ ಸಿಕ್ಕಿತು ಎಂದುಕೊಂಡರೆ 2001ರ ಬೆಲೆಯಲ್ಲಿ ಅದು 215 ರೂಪಾಯಿ. ಹತ್ತು ಗ್ರಾಮಿಗೆ ಲಕ್ಷದ ಬೆಲೆಯಲ್ಲಿ 5,000. ಈ ಪುಡಿಯನ್ನು ಮೂರು ಕಿಲೊಮೀಟರ್ ಕೆಳಗಿಂದ ಎತ್ತಬೇಕಿಲ್ಲ, ಕುಟ್ಟಬೇಕಿಲ್ಲ. ಆ ಖರ್ಚನ್ನೆಲ್ಲ ನೂರು ವರ್ಷದ ಹಿಂದಿನವರೇ ಮಾಡಿ ಮುಗಿಸಿದ್ದಾರೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಗ್ರಾಮಿನ ಲೆಕ್ಕ ಮಾಡುವವರು ಬಹಳ ಮಂದಿ ಸಿಗುತ್ತಾರೆ. ದಿಬ್ಬ ಕೆದಕಿದಾಗ ಏಳುವ ದೂಳು ಯಾರ ಮನೆಗೆ ಹೋಗುತ್ತದೆ, ಕೆಲಸ ಯಾರ ಮಕ್ಕಳಿಗೆ ಸಿಗುತ್ತದೆ, ತೊಳೆದ ಪುಡಿಯನ್ನು ಮತ್ತೆ ಎಲ್ಲಿ ಹಾಕುತ್ತಾರೆ ಎಂಬ ಲೆಕ್ಕವನ್ನು ಈ ಬಾರಿಯಾದರೂ ಮೊದಲೇ ಬರೆದುಕೊಂಡರೆ ಒಳ್ಳೆಯದು. ವಾಣಿಜ್ಯ, ಅರ್ಥಶಾಸ್ತ್ರ ಓದುವ ಕೋಲಾರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಅಭ್ಯಾಸದ ಲೆಕ್ಕ ಇನ್ನೊಂದಿಲ್ಲ. ಅದರ ಉತ್ತರ ಅವರ ಊರಿನದೇ.